ಎಂಟು ತೂತಿನ ಪಟ್ಟಿ

ಬೆನ್ನಿಗೊಂದು ಸೂಜಿ. ಆಮೇಲೆ
ಸೊಂಟದಿಂದ ಕೆಳಗೆ ನಾನು ಯಾರದೋ ಸಾಮಾನು.
ಎದೆಯ ಮೇಲೆ ಹಸಿರು ಪರದೆ.
ಆಚೆಗೆ ನನ್ನ ಎಡಗಾಲು, ದೀಪ, ಡಾಕ್ಟರಮ್ಮ;
ಈಚೆಗೆ ನಾನು, ನನ್ನ ಎರಡು ಕಿವಿ.

ಕಣ್ಣು ಮುಚ್ಚಿ ಮಲಗಪ್ಪ ಮೋನಪ್ಪ, ಅಂದರು ಸಿಸ್ಟರ್.
ಮುಚ್ಚಿದೆ. ಕಿವಿಗೆ ರೆಪ್ಪೆ ಇಲ್ಲವಲ್ಲ.

ಇಪ್ಪತ್ತಾರು ವರ್ಷ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ
ಲಾರಿಗಳಿಗೆ ಮೈ ಕಟ್ಟಿದವನು ನಾನು.
ಬಿಟ್ಟು ತಿರುಗಿದರೆ ಸಾಕು, ನೋಡದೆ ಹೇಳುತ್ತೇನೆ
ಮೂರು ಎಮ್ಮೆಮ್ಮೋ, ಐದೋ,
ಮೊನೆ ಮೊಂಡಾಗಿದೆಯೋ, ಕೈ ಹೊಸದೋ.

ಡ್ರಿಲ್ಲು ಎದ್ದಿತು.
ಮೊದಲು ಗಟ್ಟಿ ಗೋಡೆ, ಕಿರ್ರೆಂದು ಸಣ್ಣ ಹಠ.
ಆಮೇಲೆ ಪೊಳ್ಳು, ದನಿ ಇದ್ದಕ್ಕಿದ್ದಂತೆ ಮೆತ್ತಗೆ.
ಮತ್ತೆ ಆಚೆಯ ಗೋಡೆ.
ಅಯ್ಯೋ, ಇದು ಪೈಪು!
ಐವತ್ತೊಂದು ವರ್ಷ ಪೈಪಿನ ಮೇಲೆ ನಿಂತವನು
ಒಂದು ದಿನ ಬಡಿದು ನೋಡಲಿಲ್ಲ.

ಮೇಲಿನಿಂದ ಯಾರೋ ನೀರು ಬಿಡುತ್ತಿದ್ದರು.
ಗೊತ್ತು, ಕಾಯಬಾರದು.
ನಮ್ಮದು ಸೋಪು ನೀರು, ಇವರದು ಉಪ್ಪು ನೀರು.
ಆದರೂ ಸುಟ್ಟ ವಾಸನೆ ಬಂದೇ ಬಂತು:
ಎತ್ತಿಗೆ ಲಾಳ ಕಟ್ಟುವಾಗ ಗೊರಸಿನ ಚೂರು ಹಾರಿ
ಅಪ್ಪನ ಕುಲುಮೆಗೆ ಬೀಳುತ್ತಿತ್ತಲ್ಲ, ಅದೇ.

ಆಳ? ಮೂವತ್ತಾರು. ಟ್ಯಾಪ್ ಕೊಡಿ.
ನನ್ನೊಳಗೆ ಥ್ರೆಡ್ಡು ಕೊರೆಯುತ್ತಾರೆ!
ಎರಡು ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ.
ಈ ತಾಯಿಗೆ ಕಲಿಸಿದ ಉಸ್ತಾದ್ ಯಾರೋ.
ಇದನ್ನೇ ನಮ್ಮ ಹುಡುಗ ನೂರುಲ್ಲಾಗೆ
ಮೂರು ತಿಂಗಳು ಬೈದು ಬೈದು ಹೇಳಿದ್ದೆ:
ಮುಂದಕ್ಕೇ ನುಗ್ಗಬೇಡ,
ಒಳಗಿನ ಚೂರು ಕಕ್ಕಲಿ, ಆಮೇಲೆ ಹೋಗು.

ನೂರುಲ್ಲಾ ಆಸ್ಪತ್ರೆಗೆ ಬಂದಿಲ್ಲ.
ಇಟ್ಟಿಗೆಯ ಮೇಲೆ ಜಾಕು ಕೊಟ್ಟವನು ಅವನು.
ಇಡೀ ಸಾಲಿನ ಶೆಡ್ಡಿಗೆ ಗೊತ್ತು.
ಕೊಡು, ಏನಾಗಲ್ಲ, ಅಂದವನು ನಾನು.
ಅದು ಇನ್ನೂ ಯಾರಿಗೂ ಗೊತ್ತಿಲ್ಲ.

ಏಳಾಯಿತು, ಹೊಲಿಯೋಣ, ಅಂದರು.
ನನಗೆ ತಡೆಯಲಿಲ್ಲ.
ಮೇಡಂ, ಪಟ್ಟಿಗೆ ಎಂಟು ತೂತು,
ಒಳಗೆ ಬರುವಾಗ ಟ್ರೇಯಲ್ಲಿ ಎಣಿಸಿದ್ದೆ.

ಆಚೆ ಎಲ್ಲ ಕೈಗಳೂ ನಿಂತವು.
ಆಮೇಲೆ ಮಾಸ್ಕಿನೊಳಗೊಂದು ನಗು.
ಅದು ಮುರಿದ ಜಾಗದ ಮೇಲೆ ಬರುತ್ತೆ ಮೋನಪ್ಪ,
ಅಲ್ಲಿ ನಾವು ಏನೂ ಹಾಕಬಾರದು.
ಅಲ್ಲಾಡದ ಹಾಗೆ ಹಿಡಿಯೋದಷ್ಟೇ ನಮ್ಮ ಕೆಲಸ,
ಕೂಡೋದು ಎಲುಬಿನ ಕೆಲಸ.

ಕಬ್ಬಿಣ ಹಾಗಲ್ಲ.
ನೀವು ಬೆಸೆಯುವ ತನಕ ಅದು ಸುಮ್ಮನೆ ಕೂತಿರುತ್ತದೆ,
ಮಳೆಗೆ, ಬಿಸಿಲಿಗೆ, ತುಕ್ಕಿಗೆ.

ಅವ್ವನಿಗೆ ಇದು ಯಾವುದೂ ಬೇಡವಾಗಿತ್ತು.
ಮೊಟ್ಟೆಯ ಬಿಳಿ, ಬಿದಿರ ಸೀಳು, ಬಿಗಿಯಾಗಿ ಒಂದು ಕಟ್ಟು.
ನಾಳೆ ಮಣ್ಣಿಗಿಟ್ಟರೆ ಎಲುಬು ಕರಗುತ್ತೆ ಕಣೋ,
ಅದೊಂದು ಹೊಳೀತಾ ಬಿದ್ದಿರುತ್ತಲ್ಲ, ಎನ್ನುತ್ತಾಳೆ ಈಗಲೂ,
ಕಾಲಿಗೆ ಎಣ್ಣೆ ಸವರುತ್ತಾ, ಗಾಯವನ್ನು ಸುತ್ತಿಕೊಂಡು ಹೋಗುತ್ತಾ.

ಹತ್ತನೆಯ ವಾರ ನೂರುಲ್ಲಾ ಬಂದ.
ಒಂದು ಸೇರು ಮಂಡಕ್ಕಿ, ಪೊಟ್ಟಣದಲ್ಲಿ ಖಾರ.
ಹೊಸ್ತಿಲಲ್ಲೇ ನಿಂತ, ಚಪ್ಪಲಿಯ ಒಂದು ಕಾಲು ಬಿಡದೆ.
ಒಳಗೆ ಬಾರೋ, ಇದನ್ನ ನೋಡು, ಎಂದು
ಎಕ್ಸ್‌ರೇ ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದೆ.
ಎಣಿಸಿದ. ಒಂದು ಮರೆತಾರೆ ಉಸ್ತಾದ್.
ಮರೆತಿಲ್ಲ.
ಖಾಲಿ ತೂತಿನ ಸುತ್ತ, ಮುರಿದ ಗೆರೆಯ ಮೇಲೆ,
ಬಾಯಿಂದ ಊದಿದ ಹಾಗೆ ಒಂದು ಬಿಳಿ ಮಸುಕು.

ಹೆಂಡತಿ ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದಳು, ಅವ್ವ ಗೋಡೆಗೊರಗಿದ್ದಳು.
ಇಬ್ಬರಿಗೂ ಕೇಳುವ ಹಾಗೆ ಹೇಳಿದೆ:
ಇಟ್ಟಿಗೆ ಕೊಡು ಅಂದವನು ನಾನು.
ಈಳಿಗೆ ನಿಂತಿತು.

ನೂರುಲ್ಲಾ ತಿರುಗಲಿಲ್ಲ.
ಹಾಳೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಅಂದ:
ಐದನೇ ಸ್ಕ್ರೂ ಸ್ವಲ್ಪ ಓರೆ ಹೋಗೈತೆ.

ಹೌದು. ಅವತ್ತೇ ಕೇಳಿಸಿತ್ತು ನನಗೆ.